ರೇಂಜ್‌ಫೈಂಡರ್‌ಗೆ ಎಷ್ಟು ಫಾಸ್ಟ್ ಲೆನ್ಸ್ ಬೇಕು? ಎಫ್/2ರಿಂದ ಎಫ್/0.95ರವರೆಗೆ

ಎಫ್/1.4 ಮತ್ತು ಎಫ್/1.5 ಲೆನ್ಸುಗಳ ನಡುವಿನ ಬೆಳಕಿನ ವ್ಯತ್ಯಾಸ ಒಂದು ಸ್ಟಾಪಿನ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ ಆಗುವುದು) ಆರನೇ ಒಂದು ಪಾಲು. ನೆಗೆಟಿವ್ ನೋಡಿ ಅದನ್ನು ಯಾರೂ ಗುರುತಿಸಲಾರರು. ಹಳೆಯ ಯಾಂತ್ರಿಕ ಶಟರಿನ ವೇಗದಲ್ಲಿರುವ ಏರುಪೇರೇ ಅದಕ್ಕಿಂತ ದೊಡ್ಡದು. ಆದರೂ ರೇಂಜ್‌ಫೈಂಡರ್ ಫಿಲ್ಮ್ ಕ್ಯಾಮೆರಾಗೆ ಫಾಸ್ಟ್ ಪ್ರೈಮ್ ಲೆನ್ಸ್ (ಹೆಚ್ಚು ಬೆಳಕು ಒಳಬಿಡುವ, ಝೂಮ್ ಇಲ್ಲದ ಲೆನ್ಸ್) ಹುಡುಕಲು ಹೊರಟವರು ಮೊದಲು ನೋಡುವುದು ಆ ಅಂಕಿಯನ್ನೇ. 1.5ಕ್ಕಿಂತ 1.4 ಮೇಲು, 1.4ಕ್ಕಿಂತ 1.2 ಮೇಲು ಎಂದು ಏಣಿ ಹತ್ತುತ್ತಾ 0.95ರವರೆಗೂ ಕನಸು ಕಾಣುತ್ತೇವೆ. ನಾನೂ ಕಂಡಿದ್ದೇನೆ. ಆದರೆ ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕ್ಯಾಮೆರಾದೊಳಗಿನ ರೇಂಜ್‌ಫೈಂಡರ್, ಅಂದರೆ ದೂರ ಅಳೆದು ಫೋಕಸ್ ತೋರಿಸುವ ಸಾಧನ. ಲೆನ್ಸುಗಳನ್ನು ಹೋಲಿಸುವಾಗ ಇದನ್ನು ಮರೆತರೆ ಉಳಿದ ಹೋಲಿಕೆಯೆಲ್ಲ ತಪ್ಪು ದಾರಿ ಹಿಡಿಯುತ್ತದೆ.

ಮೊದಲು ಅಂಕಿಯ ಅರ್ಥ. ಲೆನ್ಸಿನ ಫೋಕಲ್ ಲೆಂಗ್ತನ್ನು ಬೆಳಕು ಹೊಗುವ ಕಿಂಡಿಯ (ಅಪರ್ಚರ್) ಅಗಲದಿಂದ ಭಾಗಿಸಿದರೆ ಸಿಗುವುದೇ ಎಫ್ ಸಂಖ್ಯೆ. 50 ಮಿಮೀ ಲೆನ್ಸಿನಲ್ಲಿ ಎಫ್/2 ಅಂದರೆ 25 ಮಿಮೀ ಅಗಲದ ಕಿಂಡಿ, ಎಫ್/1.4 ಅಂದರೆ ಸುಮಾರು 36 ಮಿಮೀ, ಎಫ್/1.0 ಅಂದರೆ 50 ಮಿಮೀ. ಅಗಲ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಒಂದೇ ದೀಪ ಉರಿಯುವ ಕೋಣೆಯಲ್ಲಿ ಎಫ್/2ಕ್ಕೆ 1/15 ಸೆಕೆಂಡ್ ಬೇಕಿದ್ದರೆ, ಎಫ್/1.4ಕ್ಕೆ 1/30 ಸಾಕು, ಎಫ್/1.0ಕ್ಕೆ 1/60 ಸಾಕು. 1/15ರಲ್ಲಿ ಓದುತ್ತಾ ಕುಳಿತವರನ್ನು ತೆಗೆಯಬಹುದು. ಮಾತಾಡುತ್ತಾ ಕೈ ಆಡಿಸುವವರನ್ನು ತೆಗೆಯಲು 1/60 ಬೇಕು. ಫಾಸ್ಟ್ ಲೆನ್ಸಿನ ಉಪಯೋಗ ಇಷ್ಟು ಸರಳ.

ಏಣಿಯ ಮೆಟ್ಟಿಲುಗಳು ಮಾತ್ರ ಒಂದೇ ಅಳತೆಯವಲ್ಲ. ಎಫ್/2ರಿಂದ 1.4ಕ್ಕೆ ಪೂರ್ತಿ ಒಂದು ಸ್ಟಾಪ್. 1.4ರಿಂದ 1.2ಕ್ಕೆ ಅರ್ಧ. 1.0ರಿಂದ 0.95ಕ್ಕೆ ಏಳನೇ ಒಂದು ಪಾಲು ಅಷ್ಟೇ. ಆದರೆ ಗಾಜಿನ ತೂಕ ಈ ಲೆಕ್ಕ ಕೇಳುವುದಿಲ್ಲ. 2008ರಲ್ಲಿ ಬಂದ ಲೈಕಾ ನಾಕ್ಟಿಲಕ್ಸ್ 50 ಮಿಮೀ ಎಫ್/0.95 ಲೆನ್ಸ್ 700 ಗ್ರಾಂ ತೂಗುತ್ತದೆ. ಲೈಕಾ ಎಂ6 ಬಾಡಿಗಿಂತ ಅದೇ ಭಾರ. ಜೊತೆಗೆ, ಇಷ್ಟು ದಪ್ಪದ ಲೆನ್ಸ್ ವ್ಯೂಫೈಂಡರಿನ ಕೆಳಗಿನ ಬಲಮೂಲೆಯನ್ನು ನುಂಗಿಬಿಡುತ್ತದೆ. ಚಿತ್ರದ ಆ ಭಾಗದಲ್ಲಿ ಏನಿದೆ ಎಂಬುದನ್ನು ಊಹಿಸಿಕೊಂಡೇ ಕ್ಲಿಕ್ ಮಾಡಬೇಕು.

ತ್ರಿಕೋನದ ಲೆಕ್ಕ

ಒಳಗೆ ಕನ್ನಡಿಯಿರುವ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನಾವು ನೋಡುವುದು ಲೆನ್ಸಿನ ಮೂಲಕವೇ. ರೇಂಜ್‌ಫೈಂಡರಿನಲ್ಲಿ ಲೆನ್ಸಿಗೂ ಕಣ್ಣಿಗೂ ನೇರ ಸಂಬಂಧವಿಲ್ಲ. ಕ್ಯಾಮೆರಾದ ಮುಂಭಾಗದಲ್ಲಿ ಒಂದಷ್ಟು ಅಂತರದಲ್ಲಿ ಎರಡು ಕಿಟಕಿಗಳಿವೆ. ಎರಡರಿಂದಲೂ ಬಂದ ಬಿಂಬಗಳು ವ್ಯೂಫೈಂಡರಿನ ನಡುವಿನ ಚಿಕ್ಕ ಪ್ಯಾಚಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸಿನ ಫೋಕಸ್ ರಿಂಗ್ ತಿರುಗಿಸಿದಾಗ ಅದರ ಹಿಂಬದಿಯ ಕ್ಯಾಮ್ ಕ್ಯಾಮೆರಾದೊಳಗಿನ ಒಂದು ತೋಳನ್ನು ತಳ್ಳುತ್ತದೆ, ತೋಳು ಎರಡನೇ ಬಿಂಬವನ್ನು ಸರಿಸುತ್ತದೆ. ಎರಡು ಬಿಂಬ ಒಂದಾದರೆ ಫೋಕಸ್ ಆಯಿತು. ನಮ್ಮ ಎರಡು ಕಣ್ಣುಗಳು ದೂರ ಅಳೆಯುವ ರೀತಿಯೂ ಹೆಚ್ಚುಕಡಿಮೆ ಇದೇ.

ಇದರಿಂದ ಒಂದು ದೊಡ್ಡ ಅನುಕೂಲವಿದೆ. ಲೆನ್ಸ್ ಎಫ್/4 ಇರಲಿ, ಎಫ್/1 ಇರಲಿ, ವ್ಯೂಫೈಂಡರ್ ಒಂದೇ ಹೊಳಪಿನಲ್ಲಿರುತ್ತದೆ. ಏರಿ ಇಳಿಯುವ ಕನ್ನಡಿ ಇಲ್ಲದ್ದರಿಂದ ಕೈಯಲ್ಲೇ ಹಿಡಿದು 1/15ರಲ್ಲಿ ತೆಗೆಯುವುದೂ ಸಾಧ್ಯ. ಅನನುಕೂಲವೂ ಅಷ್ಟೇ ದೊಡ್ಡದು: ಹಿನ್ನೆಲೆ ಎಷ್ಟು ಮಸುಕಾಗುತ್ತದೆ, ಕಣ್ಣಿನ ರೆಪ್ಪೆ ಫೋಕಸಿನಲ್ಲಿದೆಯೋ ಕಿವಿ ಇದೆಯೋ ಎಂಬುದು ಫೈಂಡರಿನಲ್ಲಿ ಕಾಣುವುದೇ ಇಲ್ಲ. ಅಲ್ಲಿ ಎಲ್ಲವೂ ಸ್ಪಷ್ಟ. ಸತ್ಯ ಗೊತ್ತಾಗುವುದು ಫಿಲ್ಮ್ ತೊಳೆದ ಮೇಲೆ.

ಎರಡು ಕಿಟಕಿಗಳ ಅಂತರವನ್ನು ಫೈಂಡರಿನ ಹಿಗ್ಗಿಸುವ ಪ್ರಮಾಣದಿಂದ ಗುಣಿಸಿದರೆ ಬರುವುದು ಪರಿಣಾಮಕಾರಿ ಬೇಸ್. ಫೋಕಸಿನ ನಿಖರತೆಯನ್ನು ನಿರ್ಧರಿಸುವ ಅಳತೆ ಇದೇ. 1954ರ ಲೈಕಾ ಎಂ3ಯಲ್ಲಿ ಕಿಟಕಿಗಳ ಅಂತರ 68.5 ಮಿಮೀ, ಹಿಗ್ಗಿಸುವ ಪ್ರಮಾಣ 0.91, ಅಂದರೆ ಸುಮಾರು 62 ಮಿಮೀ ಬೇಸ್. 0.72 ಪ್ರಮಾಣದ ಎಂ6ರಲ್ಲಿ ಸುಮಾರು 49. ಕೊಸಿನಾ ತಯಾರಿಸಿದ ಝೈಸ್ ಇಕಾನ್‌ನಲ್ಲಿ ಸುಮಾರು 55. ಅದೇ ಕೊಸಿನಾದ ಫೋಯ್ಗ್ಟ್‌ಲಾಂಡರ್ ಬೆಸ್ಸಾ ಆರ್‌ನಲ್ಲಿ ಸುಮಾರು 25.

ಈಗ ಒಂದು ಚಿಕ್ಕ ಲೆಕ್ಕ. ಎರಡು ಬಿಂಬಗಳು ಕೂಡಿವೆಯೋ ಇಲ್ಲವೋ ಎಂಬುದನ್ನು ಕಣ್ಣು ಒಂದು ಡಿಗ್ರಿಯ ಅರುವತ್ತನೇ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಹೇಳಬಲ್ಲದು ಎಂದು ಇಟ್ಟುಕೊಳ್ಳೋಣ. ಒಂದು ಮೀಟರ್ ದೂರದಲ್ಲಿ ಎಂ3 ತಪ್ಪಬಹುದಾದ್ದು ಸುಮಾರು 5 ಮಿಮೀ, ಎಂ6 ಸುಮಾರು 6, ಬೆಸ್ಸಾ ಆರ್ ಸುಮಾರು 12. ಇದರ ಪಕ್ಕದಲ್ಲಿ ಲೆನ್ಸಿನ ಡೆಪ್ತ್ ಆಫ್ ಫೀಲ್ಡ್, ಅಂದರೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ದೂರದ ಹರವನ್ನು, ಇಟ್ಟು ನೋಡಿ. ಫಿಲ್ಮಿನ ಮೇಲೆ 0.03 ಮಿಮೀ ಮಸುಕನ್ನು ಒಪ್ಪಿಕೊಳ್ಳುವ ಸಾಮಾನ್ಯ ಲೆಕ್ಕದಲ್ಲಿ, ಒಂದು ಮೀಟರಿನಲ್ಲಿ 50 ಮಿಮೀ ಎಫ್/2 ಲೆನ್ಸಿಗೆ ಹಿಂದೆ ಮುಂದೆ ಸೇರಿ 46 ಮಿಮೀ ಸಿಗುತ್ತದೆ, ಎಫ್/1.4ಕ್ಕೆ 32, ಎಫ್/1.0ಕ್ಕೆ 23. ಅರ್ಧ ಮುಂದೆ, ಅರ್ಧ ಹಿಂದೆ ಎಂದರೆ ಎಫ್/1.0ರಲ್ಲಿ ಒಂದೊಂದು ಕಡೆಗೆ 11 ಮಿಮೀ ಚಿಲ್ಲರೆ. ಬೆಸ್ಸಾ ಆರ್‌ನ ಕಣ್ಣು ತಪ್ಪುವುದೇ ಅಷ್ಟು. ಅಂದರೆ ಎಫ್/1.0 ಲೆನ್ಸನ್ನು ಆ ಬಾಡಿಗೆ ಹಾಕಿದರೆ ಬೇರೆ ಯಾವ ತಪ್ಪಿಗೂ ಜಾಗವೇ ಉಳಿಯುವುದಿಲ್ಲ. ಎಂ3ರಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಉಳಿಯುತ್ತದೆ.

ಸ್ವಲ್ಪ ಹಿಂದೆ ಸರಿದು ನಿಂತರೆ ಸರಿಹೋದೀತು ಎಂದು ಅನ್ನಿಸುವುದು ಸಹಜ. ಸರಿಹೋಗುವುದಿಲ್ಲ. ದೂರ ಎರಡು ಪಟ್ಟಾದರೆ ಡೆಪ್ತ್ ಆಫ್ ಫೀಲ್ಡ್ ನಾಲ್ಕು ಪಟ್ಟಾಗುತ್ತದೆ, ರೇಂಜ್‌ಫೈಂಡರಿನ ತಪ್ಪೂ ನಾಲ್ಕು ಪಟ್ಟಾಗುತ್ತದೆ. ಎರಡೂ ಜೊತೆಜೊತೆಗೇ ಬೆಳೆಯುತ್ತವೆ. ಈ ಲೆಕ್ಕ ಮೊದಲ ಬಾರಿ ಅರ್ಥವಾದಾಗ ನನಗೆ ರೋಮಾಂಚನವಾಗಿತ್ತು: ಒಂದು ಬಾಡಿಗೆ ಒಂದು ಲೆನ್ಸ್ ಹೊಂದುತ್ತದೆಯೋ ಇಲ್ಲವೋ ಎಂಬುದು ದೂರವನ್ನು ಅವಲಂಬಿಸಿಯೇ ಇಲ್ಲ! ಹತ್ತಿರದಿಂದ ತೆಗೆದ ಮುಖಚಿತ್ರಗಳು ಹೆಚ್ಚು ಕೆಡುವುದಕ್ಕೆ ಬೇರೆ ಕಾರಣ ಇದೆ. ಫೋಕಸ್ ಮಾಡಿದ ಮೇಲೆ ನಮ್ಮ ಮೈ ಒಂದು ಸೆಂಟಿಮೀಟರ್ ತೂಗಿದರೂ ಒಂದು ಮೀಟರಿನಲ್ಲಿ ಅದು ದೊಡ್ಡ ತಪ್ಪು, ಮೂರು ಮೀಟರಿನಲ್ಲಿ ಲೆಕ್ಕಕ್ಕೇ ಇಲ್ಲ.

ಫೋಕಸ್ ಮಾಡಿ ಕ್ಯಾಮೆರಾ ತಿರುಗಿಸುವ ಅಭ್ಯಾಸವೂ ಇಲ್ಲಿ ಕೈಕೊಡುತ್ತದೆ. ಪ್ಯಾಚ್ ಇರುವುದು ನಡುವಿನಲ್ಲಿ ಮಾತ್ರ. ಒಂದು ಮೀಟರ್ ದೂರದ ಕಣ್ಣಿನ ಮೇಲೆ ಫೋಕಸ್ ಮಾಡಿ, ಆ ಮುಖ ಚೌಕಟ್ಟಿನ ಅಂಚಿಗೆ ಬರುವಂತೆ 15 ಡಿಗ್ರಿ ತಿರುಗಿಸಿದರೆ ಫೋಕಸಿನ ಸಮತಲ ಆ ಕಣ್ಣಿನಿಂದ 34 ಮಿಮೀ ಹಿಂದಕ್ಕೆ ಹೋಗಿರುತ್ತದೆ. ಎಫ್/2ರಲ್ಲೂ ಅದು ಮಿತಿ ಮೀರಿದ್ದು. ಪೂರ್ತಿ ತೆರೆದು ತೆಗೆಯುವಾಗ ನಾನು ಮುಖವನ್ನು ನಡುವಿನ ಹತ್ತಿರವೇ ಇಟ್ಟುಕೊಳ್ಳುತ್ತೇನೆ; ಬದಿಗಿಡಲೇಬೇಕಾದರೆ ತಿರುಗಿಸಿದ ಮೇಲೆ ತುಸು ಹಿಂದಕ್ಕೆ ಬಾಗುತ್ತೇನೆ.

ಫೋಕಲ್ ಲೆಂಗ್ತ್ ಹೆಚ್ಚಿದಷ್ಟೂ ಪರೀಕ್ಷೆ ಕಠಿಣ. 1980ರ ಲೈಕಾ ಸುಮ್ಮಿಲಕ್ಸ್ 75 ಮಿಮೀ ಎಫ್/1.4 ಲೆನ್ಸಿಗೆ ಒಂದು ಮೀಟರಿನಲ್ಲಿ ಸಿಗುವುದು ಒಟ್ಟು 14 ಮಿಮೀ. 90 ಮಿಮೀ ಎಫ್/2 ಲೆನ್ಸಿಗೂ ಹೆಚ್ಚುಕಡಿಮೆ ಅಷ್ಟೇ. ಎಫ್/1.0 ಎಂದು ನಾವು ಭಯಭಕ್ತಿಯಿಂದ ನೋಡುವ 50 ಮಿಮೀ ಲೆನ್ಸಿಗಿಂತ ಇವೆರಡೂ ಕಷ್ಟದವು. ಇತ್ತ 35 ಮಿಮೀ ಎಫ್/1.4ಕ್ಕೆ 66 ಮಿಮೀ ಸಿಗುತ್ತದೆ, ಅಂದರೆ 50ಕ್ಕೆ ಸಿಗುವುದರ ಎರಡರಷ್ಟು. ಬೇಸ್ ಚಿಕ್ಕದಿರುವ ಬಾಡಿ ಇದ್ದವರಿಗೆ ನನ್ನ ಸಲಹೆ ಇದರಿಂದಲೇ ಹುಟ್ಟಿದ್ದು: ಫಾಸ್ಟ್ ಲೆನ್ಸ್ ಬೇಕೆನಿಸಿದರೆ 35 ಅಥವಾ 40 ಮಿಮೀ ಕಡೆಗೆ ಹೋಗಿ.

ಸೊನ್ನಾರ್ ಮತ್ತು ಡಬಲ್ ಗಾಸ್

ಬಾಡಿ ಯಾವುದನ್ನು ತಡೆದುಕೊಳ್ಳುತ್ತದೆ ಎಂದು ತಿಳಿದ ಮೇಲೆ ಲೆನ್ಸುಗಳ ಗುಣವನ್ನು ಹೋಲಿಸಬಹುದು. ಎಫ್/5.6ರಲ್ಲಿ ಯಾವ ಒಳ್ಳೆಯ 50 ಮಿಮೀ ಲೆನ್ಸೂ ಇನ್ನೊಂದರಂತೆಯೇ ಕಾಣುತ್ತದೆ. ವ್ಯತ್ಯಾಸ ಇರುವುದು ಪೂರ್ತಿ ತೆರೆದಾಗ ಮತ್ತು ಅದರ ನಂತರದ ಎರಡು ಸ್ಟಾಪುಗಳಲ್ಲಿ. ಆ ವ್ಯತ್ಯಾಸದ ಬೇರು ಗಾಜುಗಳನ್ನು ಜೋಡಿಸಿದ ರೀತಿಯಲ್ಲಿದೆ, ಮತ್ತು ಅದಕ್ಕೊಂದು ಒಳ್ಳೆಯ ಇತಿಹಾಸವಿದೆ.

1932ರಲ್ಲಿ ಝೈಸ್ ಕಂಪನಿ ಕಾಂಟಾಕ್ಸ್ ಕ್ಯಾಮೆರಾ ಹೊರತಂದಾಗ ಅದರ ಜೊತೆ ಲುಡ್ವಿಗ್ ಬರ್ಟೆಲೆ ವಿನ್ಯಾಸಗೊಳಿಸಿದ ಸೊನ್ನಾರ್ 50 ಮಿಮೀ ಎಫ್/1.5 ಬಂತು. ಏಳು ಗಾಜುಗಳು, ಆದರೆ ಅಂಟಿಸಿ ಮೂರೇ ಗುಂಪು. ಹೀಗೇಕೆ? ಆಗ ಲೆನ್ಸಿಗೆ ಪ್ರತಿಫಲನ ತಗ್ಗಿಸುವ ಕೋಟಿಂಗ್ (ತೆಳು ಲೇಪ) ಇರಲಿಲ್ಲ. ಗಾಜು ಗಾಳಿಗೆ ತಾಗುವ ಪ್ರತಿ ಮೇಲ್ಮೈಯಲ್ಲೂ ಶೇಕಡಾ ನಾಲ್ಕೈದು ಬೆಳಕು ಪ್ರತಿಫಲಿಸಿ ಹೋಗುತ್ತಿತ್ತು. ಹೋದದ್ದಕ್ಕಿಂತ ಹೆಚ್ಚಾಗಿ, ಅದು ಲೆನ್ಸಿನೊಳಗೇ ಪುಟಿಯುತ್ತಾ ಚಿತ್ರಕ್ಕೆ ಬೂದಿ ಬಳಿದಂತೆ ಮಾಡುತ್ತಿತ್ತು. ಸೊನ್ನಾರ್‌ಗೆ ಅಂಥ ಮೇಲ್ಮೈಗಳು ಆರು ಮಾತ್ರ. ಎದುರಾಳಿಯಾಗಿ ಲೈಕಾ ತಯಾರಕ ಲೈಟ್ಸ್ ಕಂಪನಿ ಮಾರಿದ ಕ್ಸೆನಾನ್ 50 ಮಿಮೀ ಎಫ್/1.5ರಲ್ಲಿ ಹತ್ತು. ಅಂಕಿ ಎರಡಕ್ಕೂ ಒಂದೇ, ಆದರೆ ಎದುರು ದೀಪವಿದ್ದಾಗ ಸೊನ್ನಾರ್ ಚಿತ್ರದ ಕಪ್ಪು ಕಪ್ಪಾಗಿಯೇ ಉಳಿಯುತ್ತಿತ್ತು.

ಕ್ಸೆನಾನ್ ಸೇರಿದ್ದು ಡಬಲ್ ಗಾಸ್ ಕುಟುಂಬಕ್ಕೆ. ಪೌಲ್ ರುಡಾಲ್ಫ್ 1896ರಲ್ಲಿ ಮಾಡಿದ ಪ್ಲಾನಾರ್ ಈ ಕುಟುಂಬದ ಹಿರಿಯ. ಅಪರ್ಚರಿನ ಎರಡೂ ಬದಿಗೆ ಗಾಜುಗಳು ಹೆಚ್ಚುಕಡಿಮೆ ಸಮತೋಲದಲ್ಲಿ ನಿಲ್ಲುವುದರಿಂದ ಮೂಲೆಗಳನ್ನು ತಿದ್ದುವುದು ಸುಲಭ. ಆದರೆ ಮೇಲ್ಮೈಗಳು ಹೆಚ್ಚು. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಕೋಟಿಂಗ್ ಕಂಡುಹಿಡಿದ ಮೇಲೆ ಆ ಕೊರತೆ ನಿಧಾನವಾಗಿ ಇಲ್ಲವಾಯಿತು. ಯುದ್ಧ ಮುಗಿದು ಕೋಟಿಂಗ್ ಎಲ್ಲರ ಕೈಗೂ ಬಂದ ನಂತರ ಡಬಲ್ ಗಾಸ್ ಗೆದ್ದಿತು. ಇಂದಿನ ಹೆಚ್ಚಿನ ಫಾಸ್ಟ್ 50 ಲೆನ್ಸುಗಳು ಅದರ ಮೊಮ್ಮಕ್ಕಳೇ.

ಹಾಗೆಂದು ಸೊನ್ನಾರ್ ಸಾಯಲಿಲ್ಲ. ಸೋವಿಯತ್ ಒಕ್ಕೂಟದ ಜೂಪಿಟರ್-3, ನಿಕಾನ್ ರೇಂಜ್‌ಫೈಂಡರುಗಳ ನಿಕ್ಕೋರ್ 50 ಮಿಮೀ ಎಫ್/1.4, ಕ್ಯಾನನ್ 50 ಮಿಮೀ ಎಫ್/1.5 ಎಲ್ಲವೂ ಅದೇ ಬಳ್ಳಿಯವು. ಈಚಿನ ಝೈಸ್ ಸಿ ಸೊನ್ನಾರ್ 50 ಮಿಮೀ ಎಫ್/1.5 ಕೂಡ. ಹಿಂಬದಿಯ ಗಾಜು ಫಿಲ್ಮಿಗೆ ತೀರ ಹತ್ತಿರ ಬರುವುದರಿಂದ, ಕನ್ನಡಿಗೆ ಜಾಗ ಬೇಕಾದ ಎಸ್‌ಎಲ್‌ಆರ್‌ನಲ್ಲಿ 50 ಮಿಮೀ ಸೊನ್ನಾರ್ ಕೂರುವುದಿಲ್ಲ. ಹಾಗಾಗಿ ಈ ನೋಟ ರೇಂಜ್‌ಫೈಂಡರಿನದೇ ಸ್ವಂತ ಆಸ್ತಿ. ಪೂರ್ತಿ ತೆರೆದಾಗ ಚರ್ಮದ ಮೇಲೊಂದು ತೆಳು ಹೊಳಪು, ನಡುವಿನಲ್ಲಿ ಸ್ಪಷ್ಟತೆ, ಮೂಲೆಗಳಲ್ಲಿ ಮೃದುತ್ವ, ಹಿನ್ನೆಲೆಯಲ್ಲಿ ಶಾಂತವಾದ ಮಸುಕು. ಮುಖಗಳಿಗೆ ಇದಕ್ಕಿಂತ ಹಿತವಾದ ಲೆನ್ಸ್ ನನಗೆ ಗೊತ್ತಿಲ್ಲ.

ಆದರೆ ಸೊನ್ನಾರ್‌ಗೆ ಒಂದು ಹಟವಿದೆ, ಅದರ ಹೆಸರು ಫೋಕಸ್ ಶಿಫ್ಟ್. ಲೆನ್ಸಿನ ಅಂಚಿನಿಂದ ಹಾಯ್ದ ಕಿರಣಗಳು ನಡುವಿನಿಂದ ಹಾಯ್ದವಕ್ಕಿಂತ ತುಸು ಮುಂಚೆಯೇ ಒಂದೆಡೆ ಸೇರುತ್ತವೆ. ಪೂರ್ತಿ ತೆರೆದಾಗ ಕಾಣುವ ಆ ಹೊಳಪಿಗೂ ಕಾರಣ ಇದೇ. ಅಪರ್ಚರ್ ಕಿರಿದಾಗಿಸಿದಾಗ ಅಂಚಿನ ಕಿರಣಗಳು ಕಡಿದುಹೋಗುತ್ತವೆ, ನಡುವಿನವು ಮಾತ್ರ ಉಳಿಯುತ್ತವೆ, ಫೋಕಸ್ ನಮ್ಮಿಂದ ಹಿಂದಕ್ಕೆ ಸರಿಯುತ್ತದೆ. ಎಸ್‌ಎಲ್‌ಆರ್‌ನಲ್ಲಾದರೆ ಅಪರ್ಚರ್ ಇಳಿಸಿ ಲೆನ್ಸಿನ ಮೂಲಕ ನೋಡಿ ಸರಿಮಾಡಿಕೊಳ್ಳಬಹುದು. ರೇಂಜ್‌ಫೈಂಡರಿಗೆ ಅಪರ್ಚರ್ ಎಷ್ಟಿದೆ ಎಂಬುದೇ ತಿಳಿಯದು. ಕ್ಯಾಮ್ ಹೇಳಿದ್ದನ್ನು ನಂಬುತ್ತದೆ. ಆದ್ದರಿಂದ ಇಂಥ ಲೆನ್ಸನ್ನು ಯಾವುದಾದರೂ ಒಂದು ಅಪರ್ಚರಿಗೆ ಮಾತ್ರ ಸರಿಯಾಗಿ ಹೊಂದಿಸಲು ಸಾಧ್ಯ. ಝೈಸ್ ಕಂಪನಿ ಸಿ ಸೊನ್ನಾರ್‌ನ ಆರಂಭದ ಪ್ರತಿಗಳನ್ನು ಎಫ್/2.8ಕ್ಕೆ ಹೊಂದಿಸಿ ಕಳಿಸುತ್ತಿತ್ತು. ಅಂಥ ಪ್ರತಿಯಲ್ಲಿ ಎಫ್/1.5ಕ್ಕೆ ತೆರೆದು ಕಣ್ಣಿಗೆ ಫೋಕಸ್ ಮಾಡಿದರೆ ಸ್ಪಷ್ಟವಾಗುವುದು ಮೂಗು. ಲೆನ್ಸ್ ಕೆಟ್ಟಿದೆ ಎಂದು ಬೇಸರಪಟ್ಟು ಮಾರಿದವರು ಇದ್ದಾರೆ; ಅದು ಎರಡು ಸೆಂಟಿಮೀಟರ್ ಮುಂದಕ್ಕೆ ಬಾಗಿದ್ದರೆ ಸರಿಹೋಗುತ್ತಿದ್ದ ತೊಂದರೆ.

ಇಲ್ಲಿ ಜೂಪಿಟರ್-3 ಬಗ್ಗೆ ಒಂದು ಎಚ್ಚರಿಕೆ. ಲೈಕಾ ಸ್ಕ್ರೂ ಮೌಂಟಿನಲ್ಲಿ ಸಿಗುತ್ತದೆ, ಒಂದು ಮಿಲಿಮೀಟರ್ ದಪ್ಪದ ಅಡಾಪ್ಟರ್ ಹಾಕಿದರೆ ಎಂ ಮೌಂಟಿಗೂ ಕೂರುತ್ತದೆ. ಆದರೆ ಸೋವಿಯತ್ ಕ್ಯಾಮೆರಾಗಳಿಗೆ ಹೊಂದಿಸಿದ ಲೆನ್ಸುಗಳು ಲೈಕಾ ಮೇಲೆ ಹತ್ತಿರದ ದೂರಗಳಲ್ಲಿ ಫೋಕಸ್ ತಪ್ಪುವುದು ಸಾಮಾನ್ಯ. ತಿಳಿದ ಕುಶಲಿಗರಿಂದ ತೆಳು ಶಿಮ್ (ಅಂತರ ಸರಿಪಡಿಸುವ ಬಳೆ) ಹಾಕಿಸಿ ಹೊಂದಿಸಿಕೊಂಡ ಪ್ರತಿ ಬೇರೆ, ಹಾಗೇ ಬಂದ ಪ್ರತಿ ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಹೊಗಳುವುದು ಅಥವಾ ತೆಗಳುವುದು ನ್ಯಾಯವಲ್ಲ.

ಒಂದು ಪೈಪೋಟಿಯ ಫಲಗಳು

1950ರ ದಶಕದಲ್ಲಿ ಜಪಾನಿನ ಕಂಪನಿಗಳ ನಡುವೆ ಈ ಅಂಕಿಗಾಗಿಯೇ ಓಟ ನಡೆಯಿತು. 1953ರಲ್ಲಿ ಝುನೋ 50 ಮಿಮೀ ಎಫ್/1.1, ಮರುವರ್ಷ ಫುಜಿನಾನ್ ಎಫ್/1.2, 1956ರಲ್ಲಿ ನಿಕ್ಕೋರ್ ಎಫ್/1.1, ಕೊನೆಗೆ 1961ರಲ್ಲಿ ಕ್ಯಾನನ್ 7 ಕ್ಯಾಮೆರಾಗೆಂದೇ ಬಂದ 50 ಮಿಮೀ ಎಫ್/0.95. ಈ ಕೊನೆಯದು ಪೂರ್ತಿ ತೆರೆದಾಗ ಕನಸಿನಂತೆ ಮಸುಕು ಚೆಲ್ಲುತ್ತದೆ. ಅದನ್ನು ಇಷ್ಟಪಡುವವರು ಇಷ್ಟಪಡುವುದೇ ಆ ಮಸುಕಿಗಾಗಿ. ಸ್ಪಷ್ಟತೆ ಬೇಕಿದ್ದವರಿಗೆ ಅದೇ ಕಾಲದ ಕ್ಯಾನನ್ 50 ಮಿಮೀ ಎಫ್/1.4 ಎಷ್ಟೋ ವಾಸಿ: ಡಬಲ್ ಗಾಸ್, ಚಿಕ್ಕದು, ಹೆಚ್ಚು ಗಲಾಟೆಯಿಲ್ಲದ ಲೆನ್ಸ್. ಮೊದಲ ಫಾಸ್ಟ್ ಲೆನ್ಸ್ ಯಾವುದು ಎಂದು ಕೇಳಿದವರಿಗೆ ನಾನು ಹೆಚ್ಚಾಗಿ ಹೇಳುವ ಹೆಸರು ಅದು.

ಲೈಕಾ ಬೇರೆ ದಾರಿ ಹಿಡಿಯಿತು. 1966ರ ನಾಕ್ಟಿಲಕ್ಸ್ ಎಫ್/1.2ರಲ್ಲಿ ಗೋಳಾಕಾರವಲ್ಲದ (ಆಸ್ಫೆರಿಕಲ್) ಮೇಲ್ಮೈಗಳನ್ನು ಕೈಯಲ್ಲೇ ಉಜ್ಜಿ ರೂಪಿಸುತ್ತಿದ್ದರು. ಹೆಚ್ಚು ಲೆನ್ಸ್ ತಯಾರಿಸಲು ಆಗದಷ್ಟು ಕಷ್ಟದ ಕೆಲಸ. ಕೆನಡಾದ ಘಟಕದಲ್ಲಿದ್ದ ವಾಲ್ಟರ್ ಮ್ಯಾಂಡ್ಲರ್ 1976ರಲ್ಲಿ ಅಂಥ ಮೇಲ್ಮೈ ಒಂದೂ ಇಲ್ಲದೆ, ಬೆಳಕನ್ನು ಹೆಚ್ಚು ಬಾಗಿಸುವ ಗಾಜಿನಿಂದಲೇ ಎಫ್/1.0 ಸಾಧಿಸಿದರು. ರಾತ್ರಿಯ ಬೀದಿದೀಪಗಳನ್ನು ತೆಗೆದಾಗ ಮೂಲೆಯ ದೀಪಗಳು ರೆಕ್ಕೆ ಬಿಚ್ಚಿದ ಹಕ್ಕಿಗಳಂತೆ ಹರಡಿಕೊಳ್ಳುವ ದೋಷಕ್ಕೆ ಕೋಮಾ ಎನ್ನುತ್ತಾರೆ. ಫಾಸ್ಟ್ ಲೆನ್ಸುಗಳನ್ನು ಹೋಲಿಸಲು ಅದಕ್ಕಿಂತ ಒಳ್ಳೆಯ ಪರೀಕ್ಷೆ ಕಡಿಮೆ. 2004ರ ಸುಮ್ಮಿಲಕ್ಸ್ 50 ಮಿಮೀ ಎಫ್/1.4 ಆಸ್ಫೆರಿಕಲ್‌ನಲ್ಲಿ ಆ ದೋಷ ಬಹಳ ಕಡಿಮೆ. ಫೋಕಸ್ ಮಾಡುವಾಗ ಒಳಗಿನ ಗಾಜುಗಳ ನಡುವಿನ ಅಂತರ ಬದಲಾಗುವುದರಿಂದ ಹತ್ತಿರದಲ್ಲೂ ಗುಣ ಕುಂದುವುದಿಲ್ಲ. ಅದರ ಚಿತ್ರಗಳಲ್ಲಿ ನಾನು ತಪ್ಪು ಹುಡುಕಲಾರೆ. ಆದರೂ ಮುಖಚಿತ್ರಕ್ಕೆ ಸೊನ್ನಾರ್ ಎತ್ತಿಕೊಳ್ಳುತ್ತೇನೆ; ಇದು ಅಭಿರುಚಿಯ ಮಾತು.

ಕೊಸಿನಾದ ನೋಕ್ಟಾನ್ 50 ಮಿಮೀ ಎಫ್/1.5 ಸುಮ್ಮಿಲಕ್ಸ್‌ನ ಗುಣಕ್ಕೆ ಹತ್ತಿರ ಬರುತ್ತದೆ. ಅದೇ ಕಂಪನಿಯ 35 ಮಿಮೀ ಎಫ್/1.4 ಕ್ಲಾಸಿಕ್ ಪುಟ್ಟದು, ಮುದ್ದಾದದ್ದು. ನೇರ ಗೆರೆಗಳನ್ನು ಹೊರಕ್ಕೆ ಉಬ್ಬಿಸುತ್ತದೆ, ಫೋಕಸ್ ಶಿಫ್ಟ್ ಕೂಡ ಇದೆ. ಲೈಕಾದ 35 ಮಿಮೀ ಸುಮ್ಮಿಲಕ್ಸ್‌ನಲ್ಲೂ 1994ರ ಆವೃತ್ತಿಗೆ ಇದ್ದ ಶಿಫ್ಟನ್ನು 2010ರ ಆವೃತ್ತಿ ಬಹುಮಟ್ಟಿಗೆ ನೀಗಿಸಿತು.

ಫಿಲ್ಮ್ ಎಂಬ ಮೂರನೆಯವ

ಲೆನ್ಸಿನ ಎರಡು ಸ್ಟಾಪ್ ಲಾಭವನ್ನು ಫಿಲ್ಮಿನಿಂದಲೂ ಪಡೆಯಬಹುದು. 400ರ ಫಿಲ್ಮುಗಳಾದ ಎಚ್‌ಪಿ5 ಪ್ಲಸ್ ಅಥವಾ ಟ್ರೈ-ಎಕ್ಸ್ ಅನ್ನು 1600ಕ್ಕೆ ಪುಶ್ ಮಾಡಿದರೆ (1600ರ ಫಿಲ್ಮ್ ಎಂದುಕೊಂಡು ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡಿದರೆ), ಎಫ್/2 ಲೆನ್ಸಿನಲ್ಲೇ ಎಫ್/1.0ರ ಶಟರ್ ವೇಗ ಸಿಗುತ್ತದೆ. ಕಾಳು (ಗ್ರೇನ್) ಹೆಚ್ಚುತ್ತದೆ, ನೆರಳಿನ ವಿವರ ಹೋಗುತ್ತದೆ, ಆದರೆ ಡೆಪ್ತ್ ಆಫ್ ಫೀಲ್ಡ್ 46 ಮಿಮೀ ಆಗಿಯೇ ಉಳಿಯುತ್ತದೆ. ಫೋಕಸ್ ತಪ್ಪಿದ ನುಣುಪಾದ ಚಿತ್ರಕ್ಕಿಂತ ಫೋಕಸ್ ಸರಿಯಿರುವ ಕಾಳುಕಾಳು ಚಿತ್ರ ನನಗೆ ಪ್ರಿಯ. ಬರೀ ಬೆಳಕಿಗಾಗಿ ಎಫ್/1.0 ಕೊಳ್ಳುವುದನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಆ ತೆಳು ಫೋಕಸಿನ ನೋಟವೇ ಬೇಕು ಎಂದಾದರೆ ಬೇರೆ ಮಾತು, ಅದನ್ನು ಯಾವ ಫಿಲ್ಮೂ ಕೊಡುವುದಿಲ್ಲ.

ಹಗಲಿನಲ್ಲಿ ತೊಂದರೆ ತಿರುವುಮುರುವು. 1/1000 ಮಿತಿಯ ಶಟರಿನಲ್ಲಿ 400ರ ಫಿಲ್ಮಿಗೆ ಚುರುಕು ಬಿಸಿಲಲ್ಲಿ ಎಫ್/11 ಬೇಕು; ಎಫ್/1.4ಕ್ಕೆ ತೆರೆಯಬೇಕಾದರೆ ಆರು ಸ್ಟಾಪಿನಷ್ಟು ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಬೇಕು. ಒಳ್ಳೆಯ ಸಂಗತಿಯೆಂದರೆ ಫಿಲ್ಟರ್ ಹಾಕಿದರೂ ಫೈಂಡರ್ ಕತ್ತಲಾಗುವುದಿಲ್ಲ.

ಇನ್ನೊಂದು ಮುಖ್ಯ ಮಾತು. ರೇಂಜ್‌ಫೈಂಡರಿನಲ್ಲಿ ಲೆನ್ಸಿಗೂ ಶಟರಿಗೂ ನಡುವೆ ಕನ್ನಡಿ ಇಲ್ಲ. ತೆರೆದ ಫಾಸ್ಟ್ ಲೆನ್ಸ್ ಸೂರ್ಯನತ್ತ ಮುಖಮಾಡಿದರೆ ಭೂತಗನ್ನಡಿಯಂತೆ ಬಟ್ಟೆಯ ಶಟರಿಗೆ ತೂತು ಸುಡುತ್ತದೆ. ಕ್ಯಾನನ್ 7ರಂತೆ ಲೋಹದ ಶಟರ್ ಇದ್ದರೆ ಅಷ್ಟು ಭಯವಿಲ್ಲ. ಬಟ್ಟೆಯದಾದರೆ ಹೊರಗೆ ನಡೆಯುವಾಗ ಲೆನ್ಸಿಗೆ ಮುಚ್ಚಳ ಹಾಕಿ, ಇಲ್ಲವೇ ಅಪರ್ಚರ್ ಎಫ್/16ಕ್ಕೆ ಇಳಿಸಿ ದೂರವನ್ನು ಹತ್ತಿರಕ್ಕೆ ತಿರುಗಿಸಿಡಿ.

ಯಾವ ಲೆನ್ಸ್ ಕೊಂಡರೂ ಮೊದಲ ರೋಲನ್ನು ಪರೀಕ್ಷೆಗೆ ಮೀಸಲಿಡಿ. ಒಂದು ಅಳತೆಪಟ್ಟಿಯನ್ನು ಕ್ಯಾಮೆರಾದಿಂದ ಹಿಂದಕ್ಕೆ ಓರೆಯಾಗಿ ಸಾಗುವಂತೆ 45 ಡಿಗ್ರಿಯಲ್ಲಿ ಇಟ್ಟು, ಒಂದು ಮೀಟರ್ ದೂರದಲ್ಲಿ ಟ್ರೈಪಾಡ್ ಹೂಡಿ, ನಡುವಿನ ಒಂದು ಗೆರೆಗೆ ಫೋಕಸ್ ಮಾಡಿ. ಎಫ್/1.4, 2, 2.8, 4ರಲ್ಲಿ ಮೂರು ಮೂರು ಚಿತ್ರ ತೆಗೆಯಿರಿ, ಪ್ರತಿ ಸಲವೂ ಅನಂತದಿಂದ ಹೊಸದಾಗಿ ಫೋಕಸ್ ಮಾಡಿ. ನೆಗೆಟಿವನ್ನು ಲೂಪಿನಲ್ಲಿ (ಪುಟ್ಟ ಭೂತಗನ್ನಡಿಯಲ್ಲಿ) ನೋಡಿದಾಗ ಎಲ್ಲ ಅಪರ್ಚರಿನಲ್ಲೂ ಒಂದೇ ಕಡೆಗೆ, ಒಂದೇ ಅಳತೆಗೆ ತಪ್ಪಿದ್ದರೆ ಅದು ಹೊಂದಾಣಿಕೆಯ ದೋಷ. ಇನ್ನೊಂದು ಲೆನ್ಸ್ ಹಾಕಿ ನೋಡಿ. ಅದೂ ಹಾಗೇ ತಪ್ಪಿದರೆ ಬಾಡಿಯನ್ನು, ಇಲ್ಲವಾದರೆ ಲೆನ್ಸನ್ನು ರಿಪೇರಿಗೆ ಕೊಡಿ. ಅಪರ್ಚರ್ ಇಳಿಸಿದಂತೆಲ್ಲ ಫೋಕಸ್ ಹಿಂದೆ ಹಿಂದೆ ಸರಿಯುತ್ತಿದ್ದರೆ ಅದು ಫೋಕಸ್ ಶಿಫ್ಟ್. ಯಾವ ರಿಪೇರಿಯವರೂ ಅದನ್ನು ತೆಗೆಯಲಾರರು. ಯಾವ ಅಪರ್ಚರಿನಲ್ಲಿ ಎಷ್ಟು ಸರಿಯುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಲೆನ್ಸಿನ ಚೀಲದಲ್ಲಿಡಿ. ಒಂದಷ್ಟು ರೋಲುಗಳಾದ ಮೇಲೆ ಚೀಟಿ ನೋಡದೆಯೇ ಮೈ ತಾನಾಗಿ ಅಷ್ಟು ಬಾಗುತ್ತದೆ.